ಕಾಫಿ ಕಣದಲ್ಲಿ ಬರೆದ ಗಡಿ

ನಮ್ಮ ಕಡೆ ಮಿಲಿಟರಿಯಿಂದ ರಿಟೈರಾಗಿ ಬಂದವನಿಗೆ ಪಿಂಚಣಿ ಮತ್ತು ಕ್ಯಾಂಟೀನ್ ಕಾರ್ಡಿನ ಜೊತೆಗೆ, ಯಾರೂ ಬರೆದು ಕೊಡದ ಒಂದು ಅಧಿಕಾರವೂ ಸಿಗುತ್ತದೆ. ಅವನ ಮಾತಿಗೆ ಊರಿನಲ್ಲಿ ಎದುರಾಡುವವರಿರುವುದಿಲ್ಲ. ಬೇಲಿ ಜಗಳವಿರಲಿ, ಸಹಕಾರ ಸಂಘದ ಎಲೆಕ್ಷನ್ ಇರಲಿ, ತೋಟಕ್ಕೆ ನುಗ್ಗಿದ ಆನೆಯನ್ನು ಯಾವ ಕಡೆಯಿಂದ ಅಟ್ಟಬೇಕು ಅನ್ನುವುದಿರಲಿ, ‘ಸುಬೇದಾರ್ರನ್ನ ಕೇಳಿ’ ಅನ್ನುತ್ತಾರೆ. ನಾನು ನಿವೃತ್ತನಾಗಿದ್ದು ನಾಯಬ್ ಸುಬೇದಾರನಾಗಿ, ಸುಬೇದಾರನಿಗಿಂತ ಒಂದು ಮೆಟ್ಟಿಲು ಕೆಳಗೆ. ಊರಿನವರು ಆ ನಾಯಬ್ ಅನ್ನುವುದನ್ನು ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ಬರೀ ಸುಬೇದಾರನನ್ನು ಮನೆಗೆ ಕರೆತಂದರು. ನಾನೂ ತಿದ್ದಲಿಲ್ಲ. ಹದಿನಾಲ್ಕು ವರ್ಷ ಜನ ಕೇಳಿದರು, ನಾನು ಹೇಳಿದೆ. ಗೊತ್ತಿದ್ದದ್ದನ್ನೂ ಹೇಳಿದೆ, ಗೊತ್ತಿಲ್ಲದ್ದನ್ನೂ ಹೇಳಿದೆ.

ಪಶ್ಚಾತ್ತಾಪ ತೀರಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಅದು ಬರೆದರೆ ತೀರುವಂಥದ್ದೂ ಅಲ್ಲ. ಶನಿವಾರಸಂತೆಯ ಕಟ್ಟೆಯ ಮೇಲೆ ಕೂತು ನಮ್ಮ ಮಾಜಿ ಸೈನಿಕರು ಇವತ್ತಿಗೂ ಹೊಸ ಹೊಸ ಯುದ್ಧಗಳಿಗೆ ತೀರ್ಪು ಕೊಡುತ್ತಿದ್ದಾರೆ. ಅದನ್ನು ಕೇಳಿ ಕೇಳಿ ಮೈಯೆಲ್ಲ ಉರಿದು ಬರೆಯುತ್ತಿದ್ದೇನೆ.

ಮಗಳು ಹುಟ್ಟಿದಾಗ ನಾನು ರಾಜಸ್ಥಾನದ ಮರಳಿನಲ್ಲಿದ್ದೆ. ಮದುವೆಯಾಗಿ ಎಂಟು ವರ್ಷದ ಮೇಲೆ ಹುಟ್ಟಿದ ಒಬ್ಬಳೇ ಮಗಳು. ಪಾರ್ಲಿಮೆಂಟಿನ ಮೇಲೆ ದಾಳಿಯಾದ ಮೇಲೆ ನಮ್ಮ ಸೈನ್ಯವನ್ನೆಲ್ಲ ಪಶ್ಚಿಮದ ಗಡಿಗೆ ಸಾಗಿಸಿದ ಕಾಲ ಅದು. ಇನ್ನೇನು ನಾಳೆ, ಇನ್ನೇನು ನಾಡಿದ್ದು ಅನ್ನುತ್ತ ಹತ್ತು ತಿಂಗಳು ಕೂತೆವು. ನೆಲಬಾಂಬು ಹೂಳಿದೆವು. ರಕ್ತ ಕೊಡಿ ಅಂದರು, ಸಾಲಾಗಿ ನಿಂತು ಕೊಟ್ಟೆವು. ಬೆನ್ನ ಹಿಂದೆ ಆಸ್ಪತ್ರೆಯ ಡೇರೆಗಳು ಎದ್ದವು. ದೊಡ್ಡ ದೊಡ್ಡ ದೇಶದ ಮಂತ್ರಿಗಳು ಅಲ್ಲಿಗೊಮ್ಮೆ ಇಲ್ಲಿಗೊಮ್ಮೆ ಹಾರಾಡಿದರು. ಕೊನೆಗೊಂದು ದಿನ ವಾಪಸ್ ಹೊರಡಿ ಅಂದರು. ಕೊಟ್ಟ ರಕ್ತವನ್ನು ಚೆಲ್ಲಿದರಂತೆ. ಹೂಳಿದ ಬಾಂಬುಗಳನ್ನು ನಾವೇ ಮಂಡಿಯೂರಿ ತೆಗೆದೆವು. ಹಾಗೆ ತೆಗೆಯುವಾಗ ಪಕ್ಕದ ಕಂಪನಿಯ ಜವಾನನೊಬ್ಬನ ಪಾದ ಹೋಯಿತು. ನಾನು ಮನೆಗೆ ಬಂದಾಗ ಮಗಳು ಗೋಡೆ ಹಿಡಿದು ನಿಲ್ಲುತ್ತಿದ್ದಳು. ನನ್ನ ಮೀಸೆ ನೋಡಿ ಹೆದರಿ ಅತ್ತಳು.

ಆ ಹತ್ತು ತಿಂಗಳಲ್ಲಿ ನಾನು ಕಲಿತ ಪಾಠ ಇಷ್ಟು. ಗಡಿಗೆ ಸೈನ್ಯ ತಂದು ನಿಲ್ಲಿಸುವುದು ಹೊಡೆಯುವುದಕ್ಕಲ್ಲ, ಹೆದರಿಸುವುದಕ್ಕೆ. ನಿಜವಾಗಿ ಹೊಡೆಯುವವನು ತೋರಿಸಿಕೊಂಡು ಬರುವುದಿಲ್ಲ. ಪಾದ ಕಳೆದುಕೊಂಡ ಜವಾನನಿಂದ ಕಲಿಯಬೇಕಾದದ್ದು ಬೇರೆಯೇ ಇತ್ತು. ಅದು ನನ್ನ ತಲೆಗೆ ಹೋಗಲಿಲ್ಲ.

ಮಗಳು ಬೆಳೆದಳು. ಡಾಕ್ಟರಾಗಬೇಕೆಂಬ ಹಟ ಹಿಡಿದಳು. ಇಲ್ಲಿ ಸೀಟು ಸಿಗಲಿಲ್ಲ, ಉಕ್ರೇನಿನಲ್ಲಿ ಸಿಕ್ಕಿತು. ಅದೇ ಕಾಲೇಜಿಗೆ ನಮ್ಮ ಜಿಲ್ಲೆಯವಳೇ ಇನ್ನೊಬ್ಬಳು ಹೊರಟಿದ್ದಳು, ಪಾಲಿಬೆಟ್ಟದ ಹುಡುಗಿ. ಅವಳ ತಂದೆ ಅಲ್ಲಿನ ಎಸ್ಟೇಟೊಂದರಲ್ಲಿ ರೈಟರ್. ಆಳುಗಳ ಹಾಜರಿ ಹಾಕುತ್ತ, ಕಾಫಿ ಪಿಕಿಂಗ್ ಕಾಲದಲ್ಲಿ ಚೀಲ ತೂಗಿಸುತ್ತ, ಆಳುಗಳಿರುವ ಲೈನು ಮನೆಗಳ ಜಗಳ ಬಿಡಿಸುತ್ತ ಒಂದೇ ತೋಟದಲ್ಲಿ ಆಯುಷ್ಯ ಸವೆಸಿದವರು. ಮನೆಮಾತು ಮಲಯಾಳ, ಹೊರಗೆ ಕನ್ನಡ. ಬೆಂಗಳೂರಿನ ಏರ್‌ಪೋರ್ಟಿನಲ್ಲಿ ಮಕ್ಕಳನ್ನು ಕಳಿಸುವ ದಿನ ನಮ್ಮಿಬ್ಬರ ಪರಿಚಯವಾಯಿತು. ಅವರು ತಮ್ಮ ಅಂಗಿಯ ತೋಳನ್ನು ನನ್ನ ಮುಂದೆ ಹಿಡಿದು, “ಇದು ಎಲ್ಲಿ ಹರಿದಿತ್ತು ಹೇಳಿ ನೋಡುವಾ ಸಾರ್” ಅಂದರು. ನಾನು ಕನ್ನಡಕ ಏರಿಸಿ ಹುಡುಕಿದರೂ ಸಿಗಲಿಲ್ಲ. “ಮಗಳು ಹೊಲಿದದ್ದು. ಸರ್ಜನ್ ಆಗ್ತಾಳಂತೆ” ಅಂದು ನಕ್ಕರು. ಹುಡುಗಿ ನಾಚಿಕೊಂಡು ಕೈ ಹಿಂದಕ್ಕೆ ಕಟ್ಟಿಕೊಂಡಳು.

ಮಕ್ಕಳು ಒಳಗೆ ಹೋದ ಮೇಲೆ ಅವರು ನನ್ನ ಕೈ ಹಿಡಿದುಕೊಂಡರು. “ನಿಮ್ಮ ಮಗಳು ಜೊತೇಲಿದ್ದಾಳೆ, ಹಿಂದೆ ನೀವಿದ್ದೀರಿ. ನಂಗೆ ಧೈರ್ಯ ಸಾರ್” ಅಂದರು. ಆ ಮಾತು ನನಗೆ ಬಹಳ ಹಿಡಿಸಿತು ಎಂದು ಒಪ್ಪಿಕೊಳ್ಳಬೇಕು.

ಮಕ್ಕಳು ಎರಡನೇ ವರ್ಷದಲ್ಲಿದ್ದಾಗ, ಜನವರಿಯಲ್ಲಿ, ರಷ್ಯಾ ಗಡಿಗೆ ಸೈನ್ಯ ತರುತ್ತಿದೆ ಎಂಬ ಸುದ್ದಿ ಜೋರಾಯಿತು. ನಮ್ಮ ಕಟ್ಟೆಗೆ ಹಬ್ಬವೋ ಹಬ್ಬ. ಸಂತೆಗೆ ಬಂದ ಮಾಜಿ ಸೈನಿಕರು ತರಕಾರಿ ಚೀಲವನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಕೂರುವ ಜಾಗ ಅದು. ಒಬ್ಬರು ಶ್ರೀಲಂಕಾ ಕಂಡವರು, ಇನ್ನೊಬ್ಬರು ಕಾಶ್ಮೀರ ಕಂಡವರು. ಆದರೆ ಯುದ್ಧ ಮಾಡದೆ ಹತ್ತು ತಿಂಗಳು ಗಡಿಯಲ್ಲಿ ಕೂತು ಬಂದವನು ನಾನೊಬ್ಬನೇ. ಹಾಗಾಗಿ ಈ ವಿಷಯಕ್ಕೆ ನಾನೇ ಪಂಡಿತ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

ಮಿಲಿಟರಿಯಲ್ಲಿ ಕಾರ್ಯಾಚರಣೆಗೆ ಮೊದಲು ನೆಲದ ಮೇಲೆ ಮರಳಿನಲ್ಲಿ ಗುಡ್ಡ, ಹೊಳೆ, ರಸ್ತೆ ಮಾಡಿ ಜವಾನರಿಗೆ ತೋರಿಸುವ ಪದ್ಧತಿಯಿದೆ. ಸ್ಯಾಂಡ್ ಮಾಡೆಲ್ ಅನ್ನುತ್ತೇವೆ. ನಮ್ಮ ಮನೆಯ ಮುಂದೆ ಕಣದಲ್ಲಿ ರೊಬಸ್ಟಾ ಒಣಗುತ್ತಿತ್ತು. ಅದರ ಒಂದು ಮೂಲೆಯಲ್ಲಿ ಕಾಫಿ ಹಣ್ಣನ್ನು ಎಳೆದು, ಗುಪ್ಪೆ ಮಾಡಿ, ನಾನು ಉಕ್ರೇನಿನ ಗಡಿ ಬರೆದೆ. ಪಕ್ಕದಲ್ಲಿ ಒಣ ಹಾಕಿದ್ದ ಕರಿಮೆಣಸಿನ ಕಾಳುಗಳು ರಷ್ಯಾದ ಟ್ಯಾಂಕುಗಳಾದವು. ಮಕ್ಕಳಿದ್ದ ಊರು ಪೂರ್ವದ ಕಡೆ, ಗಡಿಗೆ ಹತ್ತಿರ. ಅಲ್ಲಿ ಒಂದು ಬಿಳಿ ಕಲ್ಲಿಟ್ಟೆ. ಹೆಂಡತಿ ಹಜಾರದಲ್ಲಿ ನಿಂತು ನೋಡಿ, “ಕಾಫಿಗೆ ಮೆಣಸು ಬೆರೆಸ್ತಾ ಕೂತವ್ರೆ. ಆಮೇಲೆ ಆರಿಸೋರು ಯಾರು?” ಅಂದಳು. ದಿನಾ ಬೆಳಿಗ್ಗೆ ಪೇಪರು ನೋಡಿ ನಾಲ್ಕು ಕಾಳು ಆಚೀಚೆ ಸರಿಸುತ್ತಿದ್ದೆ. ಸಂಜೆ ಟಾರ್ಪಾಲು ಹೊದಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಖುಷಿಯಾಗಿತ್ತು. ರಿಟೈರಾದ ಮೇಲೆ ಮೊದಲ ಸಲ ನನ್ನ ವಿದ್ಯೆಗೊಂದು ಕೆಲಸ ಸಿಕ್ಕಿತ್ತು.

ಫೆಬ್ರವರಿಯಲ್ಲಿ ಮಗಳು ವಿಡಿಯೋ ಕಾಲ್ ಮಾಡಿದಳು. ಅವಳ ಪಕ್ಕದಲ್ಲಿ ಪಾಲಿಬೆಟ್ಟದ ಹುಡುಗಿ ಕೂತಿದ್ದಳು.

“ಅಪ್ಪ, ಇಲ್ಲಿ ಒಬ್ಬೊಬ್ರೇ ಹೊರಡ್ತಾ ಇದಾರೆ. ನಾವೂ ಬಂದ್ಬಿಡ್ಲಾ?”

“ಯಾಕ್ ಬರೋದು?” ಅಂದೆ. ಫೋನನ್ನು ಕಣದ ಕಡೆ ತಿರುಗಿಸಿ, ಮಾವಿನ ಕಡ್ಡಿಯೊಂದನ್ನು ಹಿಡಿದು, ಮಾಡೆಲ್ ಪೂರಾ ವಿವರಿಸಿದೆ. “ನೋಡು, ಇದೆಲ್ಲ ತೋರ್ಸಕ್ಕೆ ತಂದಿರೋದು ಕಣಮ್ಮ. ನೀನು ಹುಟ್ಟಿದಾಗ ನಾನೂ ಹಿಂಗೇ ಹತ್ತು ತಿಂಗ್ಳು ಕೂತು ಬಂದೋನು. ಟ್ಯಾಂಕ್ ನಿಲ್ಸೋದು ಮಾತುಕತೇಲಿ ಹಿಡಿತ ಸಿಕ್ಲಿ ಅಂತ. ಮುಂದಕ್ಕೆ ಆಸ್ಪತ್ರೆ ಬಂತಾ, ರಕ್ತ ಬಂತಾ, ಅದನ್ನ ನೋಡ್ಬೇಕು. ಅದು ಬಂದ ದಿನ ನಾನೇ ಹೇಳ್ತೀನಿ, ಗಂಟು ಕಟ್ಟು ಅಂತ.”

ಪಾಲಿಬೆಟ್ಟದ ಹುಡುಗಿ ಪರದೆಗೆ ಹತ್ತಿರ ಬಗ್ಗಿ, “ಅಂಕಲ್, ಆ ಬಿಳಿ ಕಲ್ಲು ನಾವಾ?” ಅಂತ ಕೇಳಿದಳು. ಹೌದು ಅಂದೆ. ಇಬ್ಬರೂ ನಕ್ಕರು.

ಎರಡು ದಿನ ಬಿಟ್ಟು ಮಗಳು ಒಂದು ಸುದ್ದಿ ಕಳಿಸಿದಳು. ರಷ್ಯಾ ಗಡಿಯ ಹತ್ತಿರಕ್ಕೆ ರಕ್ತ ಸಾಗಿಸುತ್ತಿದೆ ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಅದರ ಕೆಳಗೆ ಅವಳೊಂದು ಸಾಲು ಬರೆದಿದ್ದಳು: ‘ಅಪ್ಪ, ನೀವು ಹೇಳಿದ್ದು ಬಂತು.’

ನಾನು ಹಾಕಿದ ಗೆರೆ. ಅದನ್ನು ದಾಟಿದರೆ ಬಾ ಅನ್ನುತ್ತೇನೆ ಎಂದು ನಾನೇ ಮಾತು ಕೊಟ್ಟಿದ್ದೆ. ಈಗ ಬಾ ಅಂದರೆ ಕಟ್ಟೆಯ ಮೇಲೆ ಮೂರು ವಾರ ಹೇಳಿದ್ದೆಲ್ಲ ಸುಳ್ಳಾಗುತ್ತಿತ್ತು. ನಾನು ಹಾಗೆ ಯೋಚಿಸಿದೆನೆಂದು ಆಗ ಯಾರಾದರೂ ಅಂದಿದ್ದರೆ ಹೊಡೆಯಲು ಹೋಗುತ್ತಿದ್ದೆ. ಆದರೆ ಹಾಗೇ ಯೋಚಿಸಿದೆ. ಫೋನ್ ಮಾಡಿ, “ನಮ್ ಕಾಲದಲ್ಲೂ ರಕ್ತ ತಂದಿದ್ರು, ಕೊನೆಗೆ ಚೆಲ್ಲಿದ್ರು. ಇದೂ ಅದೇ ನಾಟಕ” ಅಂದೆ.

“ಎಂಬೆಸಿಯವ್ರೂ ಕಾಗದ ಹಾಕವ್ರೆ ಅಪ್ಪ.”

“ಓದು.”

ಓದಿದಳು. ಇರಲೇಬೇಕಾದ ಅಗತ್ಯವಿಲ್ಲದವರು ಸದ್ಯಕ್ಕೆ ಹೊರಡುವ ಯೋಚನೆ ಮಾಡಬಹುದು ಅನ್ನುವ ಥರದ ಮಾತು. ಅತ್ತ ಕಾಲೇಜಿನವರು ಹಾಜರಿ ಬಿಟ್ಟರೆ ವರ್ಷ ಹೋಗುತ್ತದೆ ಎನ್ನುತ್ತಿದ್ದರು. ರಾಜತಾಂತ್ರಿಕರ ಭಾಷೆಯೇ ಹಾಗೆ, ಹಾವೂ ಸಾಯಬಾರದು ಕೋಲೂ ಮುರಿಯಬಾರದು. ಆದರೆ ನಾನು ಇಪ್ಪತ್ತಾರು ವರ್ಷ ಆರ್ಡರಿನ ಭಾಷೆ ಓದಿದವನು. ಮಿಲಿಟರಿಯಲ್ಲಿ ‘ಯೋಚನೆ ಮಾಡಬಹುದು’ ಅನ್ನುವ ಆರ್ಡರ್ ಇಲ್ಲ. “ಹೊರಡಿ ಅಂದಿಲ್ವಲ್ಲ? ಅಂದ್ರೆ ಇರಿ ಅಂತ ಅರ್ಥ” ಅಂದೆ. ನಮ್ಮ ಕಡೆಯ ಯಾವ ರೈತನಿಗೆ ಆ ಕಾಗದ ಕೊಟ್ಟಿದ್ದರೂ, ಅಷ್ಟು ಮೆತ್ತಗೆ ಹೇಳಬೇಕಾದರೆ ಒಳಗೆ ಏನೋ ಇದೆ ಅಂತ ವಾಸನೆ ಹಿಡಿಯುತ್ತಿದ್ದ.

ಆಗ ಅವಳು ಇನ್ನೊಂದು ವಿಷಯ ಹೇಳಿದಳು. ಪಾಲಿಬೆಟ್ಟದ ಹುಡುಗಿಗೆ ಅವಳಪ್ಪ ಟಿಕೆಟ್ ಮಾಡಿಸಿಯಾಗಿತ್ತು, ಇಪ್ಪತ್ತೊಂದನೇ ತಾರೀಖಿಗೆ. ಅವಳ ಜೊತೆ ತಾನೂ ಬರುತ್ತೇನೆ ಅಂದಳು.

ಮುಂದೆ ನಾನು ಮಾಡಿದ್ದನ್ನು ಯಾರೂ ನನ್ನ ಹತ್ತಿರ ಮಾಡಿ ಎಂದು ಕೇಳಿರಲಿಲ್ಲ. ಹತ್ತು ಜನರ ಸೆಕ್ಷನ್ನಿನಲ್ಲಿ ಒಬ್ಬ ಎದ್ದು ಓಡಿದರೆ ಉಳಿದ ಒಂಬತ್ತು ಜನರೂ ಓಡುತ್ತಾರೆ, ಮೊದಲಿನವನನ್ನು ಹಿಡಿದು ಕೂರಿಸಬೇಕು ಎಂದು ನಮಗೆ ಕಲಿಸಿದ್ದರು. ನಾನು ನೇರ ಪಾಲಿಬೆಟ್ಟಕ್ಕೆ ಫೋನ್ ಹಚ್ಚಿದೆ. ರೈಟರು ತೂಕದ ಹತ್ತಿರ ಇದ್ದರೆಂದು ಕಾಣುತ್ತದೆ, ಹಿಂದೆ ಹೆಂಗಸರ ಗಲಾಟೆ ಕೇಳುತ್ತಿತ್ತು.

“ಏನ್ ರೈಟ್ರೇ, ಹೆದ್ರಿಬಿಟ್ರಂತೆ?” ಅಂದೆ.

“ಟಿವೀಲಿ ನೋಡಿ ಹೆದರಿಕೆ ಆಯ್ತು ಸಾರ್. ಹೆಂಡತಿ ಊಟ ಮಾಡ್ತಾ ಇಲ್ಲ. ಅದಕ್ಕೆ ಟಿಕೆಟ್ ಮಾಡಿಸಿದೆ.”

“ಟಿವಿ ನೋಡಿ ಮಕ್ಕಳ ವರ್ಷ ಹಾಳ್ಮಾಡ್ತೀರಾ? ನನ್ ಮಗಳೂ ಅಲ್ಲೇ ಇದಾಳಲ್ಲ. ನಾನು ಕರೆಸ್ತಾ ಇದೀನಾ?”

“ಏನೂ ಆಗಲ್ಲ ಅಂತೀರಾ?”

“ಏನೂ ಆಗಲ್ಲ.”

“ನೀವು ಮಿಲಿಟ್ರಿಯವರು, ನಿಮಗೆ ಗೊತ್ತಿರುತ್ತೆ ಸಾರ್. ನಮಗೇನು ಗೊತ್ತು” ಅಂದರು. ಅದೇ ಸಂಜೆ ಟಿಕೆಟ್ ಕ್ಯಾನ್ಸಲ್ ಮಾಡಿದರು.

ನನ್ನ ಹೆಂಡತಿ ಇದನ್ನೆಲ್ಲ ಕೇಳಿಸಿಕೊಂಡೇ ಪಾತ್ರೆ ತೊಳೆಯುತ್ತಿದ್ದಳು. ಎಂದೂ ನನ್ನ ಮಾತಿಗೆ ಅಡ್ಡ ಬಂದವಳಲ್ಲ. ಅವತ್ತು ಕೈ ಒರೆಸಿಕೊಂಡು ಬಂದು ನಿಂತಳು. “ಹೆಣ್ ಮಗ ಬತ್ತೀನಿ ಅಂತ ಬಾಯ್ಬಿಟ್ಟು ಕೇಳ್ತು. ಬಾರವ್ವ ಅನ್ನಕ್ಕೆ ನಿಮ್ಗೇನು ಬಂದಿತ್ತು? ನಿಮ್ ಟ್ಯಾಂಕಿಗಿಷ್ಟು ಬೆಂಕಿ ಬೀಳ” ಅಂದಳು. “ಒಲೆ ಮುಂದಿನ ಮಾತು ಗಡಿಗೆ ಬೇಡ” ಅಂದೆ. ಈ ಮಾತನ್ನೂ ಬರೆಯುತ್ತಿದ್ದೇನೆ, ಬರೆಯದೆ ಬಿಟ್ಟರೆ ಅವಳಿಗೆ ಮತ್ತೊಮ್ಮೆ ಅನ್ಯಾಯ ಮಾಡಿದಂತೆ.

ಆ ವಾರ ಟಿವಿಯಲ್ಲಿ ರಷ್ಯಾದ ಅಧ್ಯಕ್ಷರು ಒಂದು ಉದ್ದನೆಯ ಮೇಜಿನ ಆ ತುದಿಗೆ, ಬಂದ ಅತಿಥಿ ಈ ತುದಿಗೆ ಕೂತು ಮಾತಾಡುವುದನ್ನು ತೋರಿಸಿದರು. ಕಟ್ಟೆಯಲ್ಲಿ ನಾನು, “ಮೇಜು ಅಷ್ಟುದ್ದ ಇದ್ರೆ ಮಾತು ಬೇಗ ಮುಗಿಯಲ್ಲ, ಮಾತು ಮುಗಿಯೋಗಂಟ ಗುಂಡು ಹಾರಲ್ಲ” ಅಂದೆ. ಎಲ್ಲರೂ ನಕ್ಕರು. ಒಬ್ಬರು ನನಗೆ ಟೀ ಹೇಳಿದರು.

ಇಪ್ಪತ್ತನಾಲ್ಕರ ಬೆಳಿಗ್ಗೆ ನಾನು ಟಾರ್ಪಾಲು ಎಳೆದು ಮಡಚುತ್ತಿದ್ದೆ. ಹೆಂಡತಿ ಹೊರಗೆ ಬಂದಳು. ಅವಳ ಕೈಯಲ್ಲಿ ಫೋನಿತ್ತು. ಅದನ್ನು ನನ್ನ ಮುಂದೆ ಹಿಡಿದಳು. ಮಗಳ ದನಿ. “ಅಪ್ಪ, ಹೊಡೀತಾವ್ರೆ. ಕಿಟಕಿ ಎಲ್ಲ ಅದುರ್ತಾ ಇದೆ. ಏನ್ ಮಾಡ್ಲಿ?”

ಯುದ್ಧ ಶುರುವಾದ ಮೇಲೆ ಏನು ಮಾಡಬೇಕು ಅನ್ನುವುದು ಸೈನಿಕನಿಗೆ ಗೊತ್ತಿರುತ್ತದೆ, ಅದನ್ನು ಹೇಳಿದೆ. ಕಿಟಕಿಯಿಂದ ದೂರ ಇರು. ಇರುವ ಪಾತ್ರೆಗೆಲ್ಲ ನೀರು ತುಂಬಿಸು. ಫೋನ್ ಚಾರ್ಜ್ ಮಾಡು. ಮಲಗುವಾಗಲೂ ಬೂಟು ಬಿಚ್ಚಬೇಡ. ಅವಳು ಎಲ್ಲಕ್ಕೂ ಹೂಂ ಅಂದಳು. ಫೋನಿಟ್ಟ ಮೇಲೆ ಕಾಫಿ ಕೆದರುವ ಹಲಗೆ ತೆಗೆದುಕೊಂಡು ಕಣದ ಮೂಲೆಗೆ ಹೋದೆ. ಗಡಿ, ರಾಜಧಾನಿ, ಟ್ಯಾಂಕು ಎಲ್ಲವನ್ನೂ ಎಳೆದು ಸಮ ಮಾಡಿದೆ. ಬಿಳಿ ಕಲ್ಲು ಎಲ್ಲಿ ಹೋಯಿತೋ ಸಿಗಲಿಲ್ಲ.

ಆಮೇಲೆ ಪಾಲಿಬೆಟ್ಟದಿಂದ ಫೋನ್ ಬಂತು. ಅವರು ನನ್ನನ್ನು ಬೈಯುತ್ತಾರೆ ಅಂದುಕೊಂಡೆ. “ಈಗ ಏನು ಹೇಳ್ಬೇಕು ಸಾರ್ ಮಗಳಿಗೆ?” ಅಂತ ಕೇಳಿದರು. ಬೂಟು ಬಿಚ್ಚಬಾರದು ಎಂದು ಹೇಳಲು ಹೇಳಿದೆ. ಅವರು ಅದನ್ನು ಬರೆದುಕೊಂಡರು. ಬರೆದುಕೊಂಡು ಒಮ್ಮೆ ಓದಿ ಹೇಳಿದರು ಕೂಡ.

ಮಕ್ಕಳು ಹಾಸ್ಟೆಲಿನ ನೆಲಮಾಳಿಗೆಯಲ್ಲಿ ಐದು ದಿನ ಇದ್ದರು. ಬಿಸ್ಕತ್ತು, ನೀರು, ಬಾಂಬಿನ ಸದ್ದು. ಇಲ್ಲಿ ಟಿವಿಯಲ್ಲಿ ಪ್ರಧಾನಿಗಳು ಫೋನಿನಲ್ಲಿ ಮಾತಾಡುತ್ತಿದ್ದರು, ವಿಶ್ವಸಂಸ್ಥೆಯಲ್ಲಿ ದೇಶದೇಶದವರು ಮತಕ್ಕೆ ಕೈ ಎತ್ತುತ್ತಿದ್ದರು, ನಮ್ಮವರು ಯಾರ ಕಡೆಗೂ ಕೈ ಎತ್ತದೆ ಕೂತಿದ್ದರು. ಅದು ಸರಿಯೋ ತಪ್ಪೋ ಎಂದು ಕಟ್ಟೆಯಲ್ಲಿ ಚರ್ಚೆ ನಡೆಯಿತಂತೆ. ನಾನು ಹೋಗಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ನಾನು ಅಷ್ಟು ದಿನ ಬೆಕ್ಕಿನ ಪಕ್ಕದಲ್ಲಿ ಕೂತು ಆಟ ವಿವರಿಸುತ್ತಿದ್ದೆ. ಆರನೇ ದಿನ ಮಕ್ಕಳು ನನ್ನನ್ನು ಕೇಳದೆ ಹೊರಟರು. ನಡೆದು ಸ್ಟೇಷನ್ ಸೇರಿ, ನೂಕುನುಗ್ಗಲಿನಲ್ಲಿ ರೈಲು ಹತ್ತಿ, ದೇಶದ ಆ ತುದಿಯಿಂದ ಈ ತುದಿಗೆ ಬಂದು, ಪಶ್ಚಿಮದ ಗಡಿಗೆ ನಡೆದರು. ಅಲ್ಲಿ ಸಾಲು. ಬಯಲಿನಲ್ಲಿ, ಹಿಮದಲ್ಲಿ, ಎರಡು ರಾತ್ರಿ. ಅಷ್ಟು ಹೊತ್ತಿಗೆ ಫೋನ್ ಸತ್ತುಹೋಗಿತ್ತು.

ಆ ಎರಡು ದಿನ ನಾವು ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳು ಅನ್ನ ಮಾಡಿ ಇಡುತ್ತಿದ್ದಳು, ಬಡಿಸುತ್ತಿರಲಿಲ್ಲ. ರೈಟರು ಮೂರು ಸಲ ಫೋನ್ ಮಾಡಿದರು. ಮೂರು ಸಲವೂ ನಾನು, “ಗಡಿ ದಾಟಿರ್ತಾರೆ, ನೆಟ್‌ವರ್ಕ್ ಇರಲ್ಲ” ಅಂದೆ. ಗೊತ್ತಿರುವವನ ದನಿಯಲ್ಲೇ ಅಂದೆ. ಚಟ ಹೋಗಿರಲಿಲ್ಲ.

ಮೂರನೇ ದಿನ ಯಾರದೋ ಫೋನಿನಿಂದ ಮಗಳು ಮಾತಾಡಿದಳು. ದಾಟಿದ್ದೇವೆ ಅಂದಳು. ಹೆಂಡತಿ ನೆಲಕ್ಕೆ ಕುಸಿದು ಕೂತು ಜೋರಾಗಿ ಅತ್ತಳು. ಮಗಳು, “ಅವಳ್ನ ಇಲ್ಲಿ ಆಸ್ಪತ್ರೆಗೆ ಸೇರ್ಸಿದಾರೆ. ಕೈ...” ಅನ್ನುವಷ್ಟರಲ್ಲಿ ಸಂಪರ್ಕ ಕಡಿಯಿತು.

ಮಗಳು ಸರ್ಕಾರದ ವಿಮಾನದಲ್ಲಿ ಬಂದಳು. ಏರ್‌ಪೋರ್ಟಿನಲ್ಲಿ ಮಂತ್ರಿಯೊಬ್ಬರು ಕೈ ಮುಗಿದು ಸ್ವಾಗತಿಸಿದರು. ಪಾಲಿಬೆಟ್ಟದ ಹುಡುಗಿ ಹತ್ತು ದಿನ ತಡವಾಗಿ ಬಂದಳು, ನೇರ ಮೈಸೂರಿನ ಆಸ್ಪತ್ರೆಗೆ. ಹಿಮಕ್ಕೆ ಸಿಕ್ಕಿದ ಬೆರಳಿನಲ್ಲಿ ರಕ್ತ ನಿಂತು ಕಪ್ಪಾಗುತ್ತದೆ. ಎತ್ತರದ ಗಡಿಯಲ್ಲಿ ಇದ್ದು ಬಂದವರ ಹತ್ತಿರ ಅದನ್ನು ಎಷ್ಟೋ ಸಲ ಕೇಳಿದ್ದೆ. ಬೂಟಿನ ಬಗ್ಗೆ ಹೇಳಿದ ನನಗೆ ಕೈಗವಸಿನ ನೆನಪೇ ಬರಲಿಲ್ಲ, ನನ್ನದು ಮರಳಿನ ಅನುಭವ. ಹುಡುಗಿಯ ಬಲಗೈಯ ನಾಲ್ಕು ಬೆರಳುಗಳ ಮುಂದಿನ ಗಿಣ್ಣು ತೆಗೆದರು.

ಅವಳು ಆಸ್ಪತ್ರೆಯಲ್ಲಿದ್ದ ವಾರವೇ ನಮ್ಮೂರಿನಲ್ಲಿ ನನಗೂ ಮಗಳಿಗೂ ಸನ್ಮಾನ ಇಟ್ಟುಕೊಂಡರು. ಬೇಡ ಅನ್ನಬಹುದಿತ್ತು. ಶಾಲು ಹೊದಿಸಿದರು, ಹಾರ ಹಾಕಿದರು. ಮಾಜಿ ಸೈನಿಕನ ಮಗಳಾದ್ದರಿಂದಲೇ ಈ ಹುಡುಗಿ ಯುದ್ಧಭೂಮಿಯಿಂದ ಎದೆಗುಂದದೆ ಬಂದಳು ಎಂದು ಒಬ್ಬರು ಮಾತಾಡಿದರು. ನನ್ನನ್ನೂ ಮಾತಾಡಿ ಅಂದರು. ನಾನು ಎದ್ದು ನಿಂತು ಶಿಸ್ತಿನ ಬಗ್ಗೆ ಮಾತಾಡಿದೆ! ನೀರು ತುಂಬಿಸಿದ್ದು, ಬೂಟು ಬಿಚ್ಚದೆ ಮಲಗಿದ್ದು ಎಲ್ಲ ಹೇಳಿದೆ. ಚಪ್ಪಾಳೆ ಬಿತ್ತು. ತಿರುಗಿ ನೋಡಿದರೆ ಮಗಳ ಕುರ್ಚಿ ಖಾಲಿಯಿತ್ತು, ಅದರ ಮೇಲೆ ಶಾಲು ಮಾತ್ರ ಇತ್ತು.

ಮನೆಗೆ ಬಂದಾಗ ಅವಳು ಕಣದ ಕಟ್ಟೆಯ ಮೇಲೆ ಕೂತಿದ್ದಳು. ನಾನು ಪಕ್ಕದಲ್ಲಿ ಕೂರಲು ಹೋದೆ.

“ನನ್ ಗ್ಲೌಸು ರೈಲು ಹತ್ತೋವಾಗ ನೂಕಾಟದಲ್ಲಿ ಹೋಯ್ತು” ಅಂದಳು. ನನ್ನ ಮುಖ ನೋಡಲಿಲ್ಲ. “ಅವಳ ಹತ್ರ ಒಂದು ಜೊತೆ ಇತ್ತು. ಒಂದ್ ರಾತ್ರಿ ನಿಂಗೆ, ಒಂದ್ ರಾತ್ರಿ ನಂಗೆ ಅಂತ ಮಾತಾಯ್ತು. ಮೊದಲ್ನೇ ರಾತ್ರಿ ನಾನ್ ಹಾಕ್ಕೊಂಡೆ. ಎರಡ್ನೇ ರಾತ್ರಿ ಬಿಚ್ಕೊಡೋಕೆ ಮುಂಚೆ ಅವಳ ಭುಜಕ್ಕೆ ಒರಗಿ ನಿದ್ದೆ ಹೋದೆ. ಅವಳು ಎಬ್ಬಿಸ್ಲಿಲ್ಲ ಅಪ್ಪ, ನಾನ್ ಬೀಳ್ದಂಗೆ ಬಲಗೈಲಿ ಹಿಡ್ಕೊಂಡಿದ್ಲು. ಬೆಳಿಗ್ಗೆ ಎದ್ದು ನೋಡ್ತೀನಿ, ನನ್ ಕೈ ಬೆಚ್ಚಗಿದೆ.”

ನಾನು ಹೆಗಲ ಮೇಲಿದ್ದ ಶಾಲು ತೆಗೆದು ಮಡಚಿದೆ.

“ಅವಳ ಟಿಕ್ಕೆಟ್ಟು ಇಪ್ಪತ್ತೊಂದಕ್ಕೆ ಇತ್ತು” ಅಂದಳು. ಎದ್ದು ಒಳಗೆ ಹೋದಳು. ಅವತ್ತಿನಿಂದ ಅವಳು ನನ್ನ ಹತ್ತಿರ ಊಟ, ನೀರು, ಕರೆಂಟು ಇಷ್ಟರ ಬಗ್ಗೆ ಮಾತ್ರ ಮಾತಾಡುತ್ತಾಳೆ.

ತಿಂಗಳು ಕಳೆದು ಪಾಲಿಬೆಟ್ಟಕ್ಕೆ ಹೋದೆ. ಕ್ಷಮೆ ಕೇಳಬೇಕೆಂದೇ ಹೋದದ್ದು. ಎರಡು ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಎಸ್ಟೇಟಿನ ಗೇಟಿನಲ್ಲಿ ರೈಟರು ಕಾದು ನಿಂತಿದ್ದರು. ಕ್ವಾರ್ಟರ್ಸಿನ ಒಳಗೆ ಒಳ್ಳೆ ಕುರ್ಚಿಯನ್ನು ನನಗೆ ಕೊಟ್ಟು ತಾವು ಸ್ಟೂಲಿನಲ್ಲಿ ಕೂತರು. ಹುಡುಗಿ ಎಡಗೈಯಲ್ಲಿ ಲೋಟ ಹಿಡಿದು ಕಾಫಿ ತಂದಳು. ಬಲಗೈಯನ್ನು ದುಪಟ್ಟಾದೊಳಗೆ ಇಟ್ಟುಕೊಂಡಿದ್ದಳು. “ಹೇಗಿದ್ದೀರಿ ಅಂಕಲ್? ಅವಳು ಚೆನ್ನಾಗಿ ಮಲಗ್ತಾಳಾ ಈಗ?” ಅಂತ ಕೇಳಿದಳು. ರೈಟರ ಅಂಗಿಯ ಜೇಬಿನ ಹತ್ತಿರ ಒಂದು ಹರಕು ಇತ್ತು. ಅದಕ್ಕೆ ಸೇಫ್ಟಿ ಪಿನ್ ಹಾಕಿದ್ದರು.

ನಾನು ಏನು ಮಾತಾಡಿದೆ? ಆ ದೇಶಗಳ ಮಾತುಕತೆ ಮುರಿದುಬಿದ್ದದ್ದರ ಬಗ್ಗೆ ಮಾತಾಡಿದೆ. ರೈಟರು ತಲೆ ಆಡಿಸುತ್ತ ಕೇಳಿದರು. ಬಸ್ಸಿಗೆ ಹತ್ತಿಸಲು ಬಂದು, “ಎಷ್ಟು ದೂರದಿಂದ ಬಂದ್ರಿ ಸಾರ್” ಎಂದು ಒಂದು ಚೀಲ ಕಿತ್ತಳೆ ಕೊಟ್ಟರು. ಅದನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಮನೆಯಲ್ಲಿ ಯಾರೂ ಆ ಹಣ್ಣು ಮುಟ್ಟಲಿಲ್ಲ, ಕೊಳೆತುಹೋಯಿತು.

ಆಮೇಲೆ ಮಗಳು ಬೇರೆ ದೇಶದ ಕಾಲೇಜಿಗೆ ವರ್ಗ ಮಾಡಿಸಿಕೊಂಡು ಹೋದಳು. ಎಲ್ಲ ಗೊತ್ತು ಮಾಡಿಕೊಂಡ ಮೇಲೆ, ಹೊರಡುವ ದಿನಾಂಕವನ್ನು ಅಮ್ಮನಿಂದ ಹೇಳಿಸಿದಳು. ಕಟ್ಟೆಯವರು ಕರೆದರು ಎಂದು ಒಂದು ಶನಿವಾರ ಮತ್ತೆ ಸಂತೆಗೆ ಹೋಗಿ ಕೂತೆ. ಅಷ್ಟರಲ್ಲಿ ಇನ್ನೆಲ್ಲೋ ಇನ್ನೊಂದು ಗಡಿಗೆ ಸೈನ್ಯ ಬಂದಿತ್ತು. “ಸುಬೇದಾರ್ರು ಹೇಳ್ಲಿ, ಇದು ಹೊಡೆಯಕ್ಕೋ ತೋರ್ಸಕ್ಕೋ?” ಅಂತ ಒಬ್ಬರು ಶುರು ಮಾಡಿದರು. ಅವರಿಗೆ ಪಾಲಿಬೆಟ್ಟದ ವಿಷಯ ಗೊತ್ತಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ. ಎಲ್ಲರೂ ನನ್ನ ಬಾಯಿ ನೋಡುತ್ತಿರುವಾಗ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ರೈಟರು.

“ಸಾರ್, ಮಗಳಿಗೆ ಹಳೇ ಕಾಲೇಜಿನವರು ಕಾಗದ ಹಾಕಿದ್ದಾರೆ. ಆ ದೇಶದ ಪಶ್ಚಿಮದ ಕಡೆ ಬೇರೆ ಊರಲ್ಲಿ ಕ್ಲಾಸು ನಡೀತದಂತೆ, ಅಲ್ಲಿ ಗಲಾಟೆ ಇಲ್ಲವಂತೆ. ಸರ್ಜನ್ ಆಗೋಕಾಗಲ್ಲ, ಬೇರೆ ಡಾಕ್ಟರ್ ಆಗಬಹುದಲ್ಲ ಅಂತ ಅವಳಿಗೆ ಆಸೆ. ಹೋಗ್ಲಿಕ್ಕೆ ಹೊರಟಿದ್ದಾಳೆ. ಕಳಿಸ್ಬಹುದಾ ಸಾರ್? ಅಲ್ಲಿಗೆ ಯುದ್ಧ ಬರ್ತದಾ?”

ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಎಷ್ಟು ದೂರ, ಯಾವ ಹೊಳೆ ಅಡ್ಡ, ಯಾವ ದೇಶ ಪಕ್ಕದಲ್ಲಿ, ಎಲ್ಲ ಬಂದಿತ್ತು. ನುಂಗಿದೆ. ಕಟ್ಟೆಯ ಮೇಲೆ ಎಂಟು ಜನ ಕೇಳಿಸಿಕೊಳ್ಳುತ್ತಿದ್ದರು.

“ನಂಗೆ ಗೊತ್ತಿಲ್ಲ ರೈಟ್ರೇ” ಅಂದೆ.

ಅವರ ಹಿಂದೆ ತೂಕದ ಹತ್ತಿರ ಹೆಂಗಸರು ಏನೋ ಕೂಗುತ್ತಿದ್ದರು. ಆಮೇಲೆ ರೈಟರು ಎಂದಿನ ಮೆತ್ತಗಿನ ದನಿಯಲ್ಲಿ, ಮರ್ಯಾದೆ ಒಂದು ಚೂರೂ ಕಡಿಮೆಯಾಗದ ಹಾಗೆ ಅಂದರು:

“ಅವತ್ತು ಇಷ್ಟು ಹೇಳಿದ್ರೆ ಸಾಕಾಗಿತ್ತು ಸಾರ್.”